ಲ್ಯಾನ್ ಕೇಬಲ್ಲಿನ ತುದಿ ಮುರಿದಿದೆಯೇ? ಹೊಸ ಕನೆಕ್ಟರ್ ನೀವೇ ಕೂರಿಸಿ

ಲ್ಯಾನ್ ಕೇಬಲ್ಲನ್ನು ರೌಟರ್‌ಗೆ ಸಿಕ್ಕಿಸಿದಾಗ ‘ಟಕ್’ ಎಂದು ಸದ್ದಾಗಬೇಕು. ಆಗದಿದ್ದರೆ ಕನೆಕ್ಟರಿನ ಪ್ಲಾಸ್ಟಿಕ್ ಕೊಕ್ಕೆ ಮುರಿದಿರುವ ಸಾಧ್ಯತೆಯೇ ಹೆಚ್ಚು. ಮೇಲ್ನೋಟಕ್ಕೆ ಕೇಬಲ್ ಕೂತಂತೆಯೇ ಕಾಣುತ್ತದೆ. ಯಾರಾದರೂ ಮೇಜು ಸರಿಸಿದರೆ ಸಾಕು, ಕೂದಲೆಳೆಯಷ್ಟು ಹಿಂದೆ ಜಾರಿ ನೆಟ್ ಹೋಗುತ್ತದೆ. ಇದಕ್ಕೆ ಟೇಪ್ ಸುತ್ತುವುದು, ಕಾಗದದ ಚೂರು ತುರುಕುವುದು ಬೇಡ. ಕೊಕ್ಕೆ ಮಾಡುವ ಕೆಲಸವನ್ನು ಕಾಗದ ಮಾಡಲಾರದು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಕೇಬಲ್ ಮತ್ತೆ ವರ್ಷಗಟ್ಟಲೆ ಬಾಳುತ್ತದೆ.

ಕತ್ತರಿ ಹಾಕುವ ಮುಂಚೆ ತೊಂದರೆ ನಿಜಕ್ಕೂ ಆ ತುದಿಯಲ್ಲೇ ಇದೆಯೇ ನೋಡಿಕೊಳ್ಳಿ. ಅದೇ ಪೋರ್ಟಿಗೆ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗೆ, ಚೆನ್ನಾಗಿರುವ ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಪೋರ್ಟಿನ ಸಣ್ಣ ದೀಪ ಹತ್ತದಿದ್ದರೆ ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿ, ಒಳಗಿನ ಎಂಟು ಸಣ್ಣ ತಂತಿಗಳಲ್ಲಿ ಯಾವುದಾದರೂ ಬಾಗಿರಬಹುದು. ಹಳೆಯ ಕೇಬಲ್ಲಿನ ತುದಿಯನ್ನು ಮೆಲ್ಲಗೆ ಅಲುಗಿಸಿದಾಗ ದೀಪ ಹತ್ತಿ ಆರಿದರೆ ದೋಷ ಅಲ್ಲೇ ಇದೆ.

ಒಂದು ಎಚ್ಚರಿಕೆ. ಹೊರಗಿನಿಂದ ಮನೆಯೊಳಗೆ ಬರುವ ತೆಳ್ಳನೆಯ ಫೈಬರ್ ಕೇಬಲ್ಲಿಗೆ ಈ ವಿಧಾನ ನಡೆಯುವುದಿಲ್ಲ. ಅದರೊಳಗಿರುವುದು ತಾಮ್ರವಲ್ಲ, ಗಾಜಿನ ಎಳೆ. ಅದನ್ನು ಕತ್ತರಿಸಬೇಡಿ, ಬಿಚ್ಚಿದ ತುದಿಯೊಳಗೆ ಇಣುಕಲೂ ಬೇಡಿ. ಕಣ್ಣಿಗೆ ಕಾಣದ ಲೇಸರ್ ಬೆಳಕು ಅದರಲ್ಲಿ ಹರಿಯುತ್ತಿರುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಆರ್‌ಜೆ-45 ಕನೆಕ್ಟರ್‌ಗಳು, ಅವನ್ನು ಕೇಬಲ್ಲಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಸಾಧ್ಯವಾದರೆ ತಂತಿಗಳು ಮುಟ್ಟಿವೆಯೇ ಎಂದು ದೀಪ ಹತ್ತಿಸಿ ತೋರಿಸುವ ಒಂದು ಕೇಬಲ್ ಟೆಸ್ಟರ್. ಒಮ್ಮೆ ಒತ್ತಿ ಕೂರಿಸಿದ ಕನೆಕ್ಟರ್ ಮತ್ತೆ ಬಳಕೆಗೆ ಬರುವುದಿಲ್ಲ, ಹಾಗಾಗಿ ನಾಲ್ಕೈದು ಹೆಚ್ಚಿಗೆ ಇರಲಿ. ಕೊಳ್ಳುವಾಗ ನಿಮ್ಮ ಕೇಬಲ್ ಕ್ಯಾಟ್ 5ಇ ಆಗಿದೆಯೋ ಕ್ಯಾಟ್ 6 ಆಗಿದೆಯೋ ಹೇಳಿ. ಇವು ಕೇಬಲ್ಲಿನ ದರ್ಜೆಗಳು, ಹೆಸರು ಕೇಬಲ್ಲಿನ ಹೊದಿಕೆಯ ಮೇಲೆಯೇ ಅಚ್ಚಾಗಿರುತ್ತದೆ. ಕ್ಯಾಟ್ 6ರ ತಂತಿಗಳು ಸಾಮಾನ್ಯವಾಗಿ ದಪ್ಪ, ಕ್ಯಾಟ್ 5ಇ ಕನೆಕ್ಟರಿನೊಳಗೆ ಹೋಗಲು ಸತಾಯಿಸುತ್ತವೆ.

ಈಗ ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿಡಿ. ಕ್ಯಾಮೆರಾದಂಥ ಕೆಲವು ಸಾಧನಗಳಿಗೆ ಇದೇ ಕೇಬಲ್ಲಿನಲ್ಲಿ ವಿದ್ಯುತ್ತೂ ಹೋಗುತ್ತದೆ. ಹಾಳಾದ ಕನೆಕ್ಟರಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ, ನೇರವಾಗಿ ಕತ್ತರಿಸಿ. ಕತ್ತರಿಸಿದ ತಂತಿಯ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಿ. ಒಳಗೂ ತಾಮ್ರದ ಬಣ್ಣವೇ ಇದ್ದರೆ ಒಳ್ಳೆಯದು. ಹೊರಗೆ ತಾಮ್ರ, ನಡುವೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಎರಡು ಸಲ ಬಗ್ಗಿಸಿದರೆ ಮುರಿಯುವ ಜಾತಿ ಅದು, ಮೃದುವಾಗಿ ಹಿಡಿಯಬೇಕು.

ಹೊರಹೊದಿಕೆಯನ್ನು ಸುಮಾರು ಮೂರು ಸೆಂಟಿಮೀಟರ್ ಸುಲಿಯಿರಿ. ಬ್ಲೇಡನ್ನು ಪೂರ್ತಿ ಒತ್ತದೆ, ಸುತ್ತಲೂ ಒಂದು ಗೀರು ಹಾಕಿ ಬಗ್ಗಿಸಿದರೆ ಹೊದಿಕೆ ತಾನೇ ಬಿಟ್ಟುಕೊಳ್ಳುತ್ತದೆ. ಒಳಗಿನ ಬಣ್ಣದ ಕವಚಕ್ಕೆ ಗೀರು ಬಿದ್ದಿದ್ದರೆ ಹಿಂದೆಮುಂದೆ ನೋಡದೆ ಅಷ್ಟು ಕತ್ತರಿಸಿ ಹೊಸದಾಗಿ ಶುರು ಮಾಡಿ.

ಒಳಗೆ ಎಂಟು ತಂತಿಗಳು, ನಾಲ್ಕು ಜೋಡಿಗಳಾಗಿ ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಈ ಹೊಸೆತವೇ ಕೇಬಲ್ಲಿನ ಜೀವ. ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಂಕೇತ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬೀಳುವುದರಿಂದ ಆಚೆ ತುದಿಯ ಸಾಧನ ಅದನ್ನು ಕಳೆದುಹಾಕಬಲ್ಲದು. ಆದ್ದರಿಂದ ಬಿಚ್ಚುವಾಗ ಜಿಪುಣತನ ತೋರಿಸಿ. ಕನೆಕ್ಟರ್ ಕೂತ ಮೇಲೆ ಬಿಚ್ಚಿದ ಭಾಗ 13 ಮಿಲಿಮೀಟರ್ ಮೀರಬಾರದು.

ಇಲ್ಲಿ ನನ್ನದೊಂದು ಅನುಭವ ಹೇಳಲೇಬೇಕು. ಮೊದಲ ಸಲ ಕೇಬಲ್ ಕಟ್ಟಿದಾಗ, ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರಾಯಿತು ಎಂದುಕೊಂಡು ಜೋಡಿ ಪಕ್ಕ ಜೋಡಿ ಇಟ್ಟು ಒತ್ತಿದ್ದೆ. ಟೆಸ್ಟರಿನ ಎಂಟೂ ದೀಪಗಳು ಸಾಲಾಗಿ ಹತ್ತಿದವು. ನೆಟ್ ಮಾತ್ರ ಕುಂಟುತ್ತಿತ್ತು, ಎರಡು ದಿನ ರೌಟರನ್ನೇ ಅನುಮಾನಿಸಿದೆ. ಕಾರಣ ಇಷ್ಟೇ: ಕನೆಕ್ಟರಿನಲ್ಲಿ 3 ಮತ್ತು 6ನೇ ಜಾಗಗಳು ಒಂದು ಜೋಡಿ, ನಡುವಿನ 4 ಮತ್ತು 5 ಇನ್ನೊಂದು ಜೋಡಿ. ನಾನು ಇಟ್ಟ ಕ್ರಮದಲ್ಲಿ ಒಂದು ಸಂಕೇತ ಎರಡು ಬೇರೆ ಬೇರೆ ಜೋಡಿಗಳ ತಂತಿಗಳಲ್ಲಿ ಹರಿದು, ಹೊಸೆತದ ಪ್ರಯೋಜನವೇ ಕಳೆದುಹೋಗಿತ್ತು. ಸಾಮಾನ್ಯ ಟೆಸ್ಟರ್ ತಂತಿ ಮುಟ್ಟಿದೆಯೇ ಎಂದಷ್ಟೇ ಹೇಳುತ್ತದೆ, ಜೋಡಿ ಸರಿಯಿದೆಯೇ ಎಂದು ಹೇಳುವುದಿಲ್ಲ.

ಹಾಗಾಗಿ ಬಣ್ಣದ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿ. ಹೆಚ್ಚು ಬಳಕೆಯಲ್ಲಿರುವ ಟಿ568ಬಿ ಕ್ರಮ ಹೀಗಿದೆ, ಎಡದಿಂದ ಬಲಕ್ಕೆ:

ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕೇಬಲ್ಲಿನ ಆಚೆ ತುದಿಯನ್ನೂ ಒಮ್ಮೆ ನೋಡಿಬಿಡಿ. ಅಲ್ಲಿ ಕಿತ್ತಳೆಯ ಜಾಗದಲ್ಲಿ ಹಸಿರು, ಹಸಿರಿನ ಜಾಗದಲ್ಲಿ ಕಿತ್ತಳೆ ಇದ್ದರೆ ಅದು ಟಿ568ಎ. ಈ ತುದಿಗೂ ಅದನ್ನೇ ಅನುಸರಿಸಿ.

ತಂತಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ, ಅತ್ತಿತ್ತ ಬಗ್ಗಿಸುತ್ತಾ ನೇರ ಮಾಡಿ. ಎಂಟೂ ಪಟ್ಟಿಯಂತೆ ಚಪ್ಪಟೆಯಾಗಿ ಕೂತ ಮೇಲೆ, ಬೆರಳು ಸಡಿಲಿಸದೆ, ಹೊದಿಕೆಯಿಂದ ಸುಮಾರು 13 ಮಿಲಿಮೀಟರ್ ಬಿಟ್ಟು ಒಂದೇ ಸಲಕ್ಕೆ ಕತ್ತರಿಸಿ. ಒಂದೊಂದು ತಂತಿಯ ಬಣ್ಣದ ಕವಚ ತೆಗೆಯುವ ಅಗತ್ಯವಿಲ್ಲ. ಕನೆಕ್ಟರಿನ ಚಿನ್ನದ ಬಣ್ಣದ ಪಿನ್ನುಗಳೇ ಕವಚವನ್ನು ಸೀಳಿ ತಾಮ್ರವನ್ನು ಮುಟ್ಟುತ್ತವೆ.

ಕನೆಕ್ಟರನ್ನು ಕೊಕ್ಕೆ ಕೆಳಗೆ, ಪಿನ್ನುಗಳು ಮೇಲೆ, ತಂತಿ ಹೋಗುವ ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಆಗ ಬಿಳಿ-ಕಿತ್ತಳೆ ಎಡಗಡೆಗೆ ಬರಬೇಕು. ತಂತಿಗಳನ್ನು ಒಳಗೆ ದೂಡಿ, ಮುಂಭಾಗದಿಂದ ನೋಡಿ. ಪಾರದರ್ಶಕ ಗೋಡೆಯ ಹಿಂದೆ ಎಂಟು ತಾಮ್ರದ ಚುಕ್ಕೆಗಳು ಕಾಣಬೇಕು. ಏಳು ಕಂಡರೆ ಹೊರತೆಗೆದು ಮತ್ತೆ ಕತ್ತರಿಸಿ ಸೇರಿಸಿ. ಜೊತೆಗೆ ಹೊರಹೊದಿಕೆಯೂ ಕನೆಕ್ಟರಿನೊಳಗೆ ಹೋಗಿರಲೇಬೇಕು. ಹಿಂದುಗಡೆಯ ಪ್ಲಾಸ್ಟಿಕ್ ಹಲ್ಲು ಹೊದಿಕೆಯನ್ನು ಕಚ್ಚಿ ಹಿಡಿದರೆ ಮಾತ್ರ ಎಳೆದಾಟದ ಭಾರ ತಂತಿಗಳ ಮೇಲೆ ಬೀಳುವುದಿಲ್ಲ. ನಾನು ಕಂಡ ಕೆಟ್ಟ ಕನೆಕ್ಟರ್‌ಗಳಲ್ಲಿ ಹೆಚ್ಚಿನವು ಸೋತದ್ದು ಇಲ್ಲೇ: ಬಣ್ಣದ ತಂತಿಗಳು ಹೊರಗೆ ಜೋಲುತ್ತಿದ್ದವು.

ಎರಡೂ ಸರಿಯಿದ್ದರೆ ಟೂಲಿನೊಳಗೆ ಇಟ್ಟು ಹಿಡಿಯನ್ನು ಕೊನೆಯವರೆಗೂ ಒತ್ತಿ. ಆಮೇಲೆ ಕೇಬಲ್ಲನ್ನು ಮೆಲ್ಲಗೆ ಜಗ್ಗಿ ನೋಡಿ, ಅಲುಗಬಾರದು.

ಟೆಸ್ಟರಿನಲ್ಲಿ ಎಂಟೂ ದೀಪಗಳು ಕ್ರಮವಾಗಿ ಹತ್ತಿದ ಮೇಲೂ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ವೇಗ ನೋಡಿ. ಎರಡೂ ಸಾಧನಗಳು ಗಿಗಾಬಿಟ್ (1000 ಎಂಬಿಪಿಎಸ್) ವೇಗದವಾಗಿದ್ದು ಅಲ್ಲಿ 1000 ಎಂಬಿಪಿಎಸ್ ಬದಲು 100 ಎಂದಿದ್ದರೆ ನೀಲಿ ಅಥವಾ ಕಂದು ಜೋಡಿಯನ್ನು ಮೊದಲು ಶಂಕಿಸಿ. 100ರ ವೇಗಕ್ಕೆ ಕಿತ್ತಳೆ, ಹಸಿರು ಜೋಡಿಗಳೇ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಎಲ್ಲ ಸರಿಯಿದ್ದರೆ ಕೇಬಲ್ಲನ್ನು ರೌಟರಿನ ಹಿಂದೆ ಬಿಗಿಯಾಗಿ ಮಡಚದೆ, ಅಂಗೈಯಗಲದ ಸಡಿಲ ಸುರುಳಿಯಾಗಿ ಬಿಡಿ. ಮುಂದೊಂದು ದಿನ ಮತ್ತೆ ತುದಿ ಕತ್ತರಿಸಬೇಕಾಗಿ ಬಂದರೆ ಆ ಸುರುಳಿಯ ಉದ್ದವೇ ಒದಗುತ್ತದೆ.