ಪಕ್ಕದ ಶಾಲೆಯ ಅಧ್ಯಾಪಕರೊಡನೆ ಒಂದು ಪಾಠ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಭಾಗದ ಹಲವು ಶಾಲೆಗಳಲ್ಲಿ ಒಂದು ವಿಷಯವನ್ನು ಕನ್ನಡದಲ್ಲಿ ಕಲಿಸುವವರು ಒಬ್ಬರೇ ಇರುವುದರಿಂದ, ಪಾಠದ ಕುರಿತು ಮಾತನಾಡಲು ನಾವು ಪಕ್ಕದ ಶಾಲೆಯವರನ್ನೇ ಹುಡುಕಿಕೊಳ್ಳಬೇಕಾಗುತ್ತದೆ. ಹತ್ತಿರದ ಶಾಲೆಗಳ ಅಧ್ಯಾಪಕರಿಗೆ ಒಟ್ಟಾಗಿ ನಡೆಯುವ ಕ್ಲಸ್ಟರ್ ತರಬೇತಿಯಲ್ಲಿ ಪರಿಚಯವಾದ ಮೂರು ನಾಲ್ಕು ಮಂದಿ ಸೇರಿ ಒಂದು ಪಾಠವನ್ನು ಒಟ್ಟಾಗಿ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕೆಂಬುದು ನನ್ನ ಸಲಹೆ. ಜಪಾನಿನ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ ಇದು.

ಗಮನಿಸಬೇಕಾದುದು ಅಧ್ಯಾಪಕರನ್ನಲ್ಲ, ಮಕ್ಕಳನ್ನು. 1/2 ಮತ್ತು 1/3ನ್ನು ಕೂಡಿಸಿ 2/5 ಎಂದು ಬರೆದ ಮಗು ಹಾಗೇಕೆ ಯೋಚಿಸಿತು, ಮನೆಯಲ್ಲಿ ತುಳು, ಮಲಯಾಳ ಅಥವಾ ಬ್ಯಾರಿ ಮಾತನಾಡುವ ಮಗು ಪ್ರಶ್ನೆಯ ಯಾವ ಪದದ ಬಳಿ ತಡೆದು ನಿಂತಿತು ಎಂಬುದನ್ನು ಆಗಲೇ ಬರೆದಿಟ್ಟುಕೊಂಡರೆ, ಅನಂತರದ ಚರ್ಚೆ ಹೊಗಳಿಕೆಗೋ ದೋಷಾರೋಪಕ್ಕೋ ಜಾರದೆ ಕಲಿಕೆಯ ಮೇಲೆಯೇ ನಿಲ್ಲುತ್ತದೆ. ಹೊಸ ವಿಧಾನವನ್ನು ಒಪ್ಪುವ ಮನಸ್ಸು ಉಪದೇಶಕ್ಕಿಂತ ಹೆಚ್ಚಾಗಿ ಇಂತಹ ನೋಟದಿಂದಲೇ ಹುಟ್ಟುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಶಾಲಾ ಕಲಿಕೆಗಾಗಿ ಕೇಂದ್ರ ಸರಕಾರ ರೂಪಿಸಿದ ದೀಕ್ಷಾ ಎಂಬ ಅಂತರ್ಜಾಲ ವೇದಿಕೆಯಲ್ಲಿರುವ ಕರ್ನಾಟಕದ ಕನ್ನಡ ಸಾಮಗ್ರಿಯನ್ನೂ ಬಳಸಬಹುದು. ಆದರೆ ನಮ್ಮದು ಕೇರಳದ ಪಠ್ಯಕ್ರಮವಾದುದರಿಂದ ಪಾಠದ ಕ್ರಮವನ್ನೂ ಪಾರಿಭಾಷಿಕ ಪದಗಳನ್ನೂ ಮೊದಲು ಹೋಲಿಸಿ ನೋಡಬೇಕು. ಚರ್ಚೆಯ ಬಳಿಕ ಪರಿಷ್ಕರಿಸಿದ ಪಾಠವನ್ನು ಮತ್ತೊಬ್ಬರು ತಮ್ಮ ಶಾಲೆಯಲ್ಲಿ ಕಲಿಸಿ, ಮಕ್ಕಳ ಉತ್ತರಗಳನ್ನು ಮುಂದಿನ ಭೇಟಿಗೆ ತರಲಿ.