ಇಂಧನ ಎಂಜಿನ್ನಿನ ಮೊದಲ ಟ್ರೇನರ್ ವಿಮಾನ: ಆಯ್ಕೆಯಿಂದ ಮೊದಲ ಹಾರಾಟದವರೆಗೆ

ಬ್ಯಾಟರಿಯ ರೇಡಿಯೊ ನಿಯಂತ್ರಿತ ವಿಮಾನವನ್ನು ಧೈರ್ಯವಾಗಿ ಏರಿಸಿ ಇಳಿಸಬಲ್ಲವರು ಇಂಧನ ಎಂಜಿನ್ನಿನ ಮೊದಲ ಟ್ರೇನರ್‌ಗೆ, ಅಂದರೆ ಕಲಿಯುವವರಿಗಾಗಿ ಮಾಡಿದ ವಿಮಾನಕ್ಕೆ ಬರುವಾಗ ಹಾರಾಟವೇ ಕಷ್ಟವಾದೀತೆಂದು ಅಂಜುವುದುಂಟು. ಗಾಳಿಯಲ್ಲಿ ಹೊಸದಾಗಿ ಕಲಿಯಬೇಕಾದದ್ದು ಅಷ್ಟೇನೂ ಇಲ್ಲ. ಟ್ಯಾಂಕನ್ನು ಸರಿಯಾಗಿ ಕೂರಿಸುವುದು, ಎಂಜಿನ್ನನ್ನು ಹದಕ್ಕೆ ತರುವುದು, ತಿರುಗುತ್ತಿರುವ ಪ್ರೊಪೆಲ್ಲರ್‌ನ ಬಳಿ ಶಿಸ್ತಿನಿಂದ ನಡೆದುಕೊಳ್ಳುವುದು, ಈ ಮೂರೂ ನೆಲದ ಮೇಲಿನ ಕೆಲಸಗಳು, ಮತ್ತು ಹೊಸಬರ ವಿಮಾನಗಳು ಗಾಳಿಯಲ್ಲಿ ಎಂಜಿನ್ ನಿಂತು ಬೀಳುವುದಕ್ಕೆ ಬಹುಪಾಲು ಕಾರಣಗಳೂ ಇಲ್ಲಿಯೇ ಇರುತ್ತವೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ನೆಲದ ಮೇಲೆಯೇ ನಡೆಯುತ್ತದೆ.

ವಿಮಾನದ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರುವ, ತುದಿಗಳು ತುಸು ಮೇಲಕ್ಕೆ ಬಾಗಿರುವ, ಮೂಗಿನ ಕೆಳಗೊಂದು ಚಕ್ರವಿರುವ, ಸುಮಾರು 1.5 ಮೀಟರ್ ರೆಕ್ಕೆಯಗಲದ ನಾಲ್ಕು ಚಾನೆಲ್ಲಿನ ಟ್ರೇನರ್ ಸಾಕು. ಇಂಥ ವಿಮಾನ ಇಂಧನವಿಲ್ಲದೆ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ ಮತ್ತು ಇದಕ್ಕೆ 40 ಅಥವಾ 46 ವರ್ಗದ, ಅಂದರೆ ಸುಮಾರು 6.5 ರಿಂದ 7.5 ಸಿಸಿಯ ಎರಡು ಸ್ಟ್ರೋಕಿನ ಗ್ಲೋ ಎಂಜಿನ್ (ಕಿಡಿಯ ಬದಲು ಬಿಸಿ ಸುರುಳಿಯಿಂದ ಇಂಧನ ಹೊತ್ತಿಸುವಂಥದ್ದು) ಹೊಂದುತ್ತದೆ. ಎರಡರಲ್ಲಿ 46 ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಹುಲ್ಲಿನ ಮೈದಾನದಿಂದ ಏರುವಾಗ ಕೈಯಲ್ಲಿ ಸ್ವಲ್ಪ ಶಕ್ತಿ ಮಿಕ್ಕಿರುವುದು ಹೊಸಬರಿಗೆ ಅನುಕೂಲ. ಪೆಟ್ರೋಲ್ ಎಂಜಿನ್ನುಗಳಿಗೆ ಕಿಡಿ ಹೊತ್ತಿಸುವ ಪ್ರತ್ಯೇಕ ವ್ಯವಸ್ಥೆ ಬೇಕಾಗುವುದರಿಂದಲೂ ಅವು ದೊಡ್ಡ ವಿಮಾನಗಳಿಗೆ ಹೆಚ್ಚು ಹೊಂದುವುದರಿಂದಲೂ ಅವನ್ನು ಮುಂದೆ ನೋಡಿಕೊಳ್ಳಬಹುದು.

ಗ್ಲೋ ಎಂಜಿನ್ನಿನ ಇಂಧನದಲ್ಲಿ ಮುಖ್ಯವಾಗಿರುವುದು ಮೆಥನಾಲ್. ಅದರ ಜೊತೆ ಶೇಕಡ 18 ರಿಂದ 20 ರಷ್ಟು ಎಣ್ಣೆಯೂ ಶೇಕಡ 5 ರಿಂದ 15 ರಷ್ಟು ನೈಟ್ರೋಮೀಥೇನ್ ಕೂಡ ಇರುತ್ತವೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೇರೆ ಎಣ್ಣೆಯ ಪಾತ್ರೆ ಇಲ್ಲದಿರುವುದರಿಂದ ಒಳಗಿನ ಭಾಗಗಳಿಗೆ ಸಿಗುವ ಜಿಡ್ಡೆಲ್ಲ ಇಂಧನದಿಂದಲೇ ಬರಬೇಕು. ಆದ್ದರಿಂದ ಎಣ್ಣೆ ಕಡಿಮೆಯಿರುವ ಇಂಧನವನ್ನು ಅಗ್ಗವೆಂದು ಕೊಳ್ಳಬಾರದು. ಎಣ್ಣೆಯಲ್ಲಿ ಸ್ವಲ್ಪ ಹರಳೆಣ್ಣೆಯಿದ್ದರೆ ಎಂಜಿನ್ ವಿಪರೀತ ಬಿಸಿಯಾದಾಗಲೂ ಅದು ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತದೆ. ಮೆಥನಾಲ್ ವಿಷಕಾರಿ ಮತ್ತು ಚರ್ಮದ ಮೂಲಕವೂ ಮೈ ಸೇರುತ್ತದೆ. ಅದರ ಜ್ವಾಲೆ ಬಿಸಿಲಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಡಬ್ಬದ ಮುಚ್ಚಳವನ್ನು ಸದಾ ಬಿಗಿಯಾಗಿ ಹಾಕಿಡಬೇಕು.

ಜೋಡಣೆಯಲ್ಲಿ ನಿಧಾನಿಸಬೇಕಾದ ಜಾಗ ಟ್ಯಾಂಕು. ಟ್ಯಾಂಕಿನ ನಡುಗೆರೆ ಕಾರ್ಬ್ಯುರೇಟರ್‌ನ ಇಂಧನದ ಹರಿವನ್ನು ಹೊಂದಿಸುವ ನೀಡಲ್ ವಾಲ್ವಿನ ಮಟ್ಟದಲ್ಲಿರಬೇಕು, ಅಥವಾ ಅದಕ್ಕಿಂತ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ದರೆ ಇಂಧನ ತಾನಾಗಿ ಎಂಜಿನ್ನಿಗೆ ಹರಿಯುತ್ತದೆ, ತೀರ ಕೆಳಗಿದ್ದರೆ ಟ್ಯಾಂಕು ಖಾಲಿಯಾಗುತ್ತ ಬಂದಂತೆ ಎಂಜಿನ್ ಬಾಯಾರುತ್ತದೆ. ಒಳಗೆ ಮೆತ್ತನೆಯ ನಳಿಕೆಯ ತುದಿಯಲ್ಲಿ ಕ್ಲಂಕ್ ಎಂಬ ಪುಟ್ಟ ಲೋಹದ ಗುಂಡು ಇರುತ್ತದೆ. ವಿಮಾನ ಯಾವ ಕಡೆ ವಾಲಿದರೂ ಅದು ಇಂಧನವಿರುವಲ್ಲಿಗೆ ಹೊರಳಬೇಕು, ಹಿಂದಿನ ಗೋಡೆಗೆ ತಾಗದೆ ಕೆಲವು ಮಿಲಿಮೀಟರ್ ಅಂತರದಲ್ಲಿ ಆಡಬೇಕು. ಮುಚ್ಚುವ ಮುನ್ನ ಟ್ಯಾಂಕನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗುಂಡು ಗೋಡೆಗಳಿಗೆ ತಟ್ಟುವ ಸದ್ದು ಸ್ಪಷ್ಟವಾಗಿ ಕೇಳಬೇಕು. ಇದು ಎಂದಿಗೂ ಬಿಡಬಾರದ ಪರೀಕ್ಷೆ. ಮೂಗು ನೆಲಕ್ಕೆ ಬಡಿದ ಒರಟು ಇಳಿತದ ನಂತರ ಈ ನಳಿಕೆ ಮಡಚಿಕೊಂಡು ಗುಂಡು ಮುಂಭಾಗಕ್ಕೆ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ. ಆಗ ನೆಲದ ಮೇಲೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ವಿಮಾನ ಮೂಗೆತ್ತಿ ಏರತೊಡಗಿದಾಗ ಇಂಧನ ಸಿಗದೆ ನಿಂತುಬಿಡುತ್ತದೆ. ಕಾರಣ ತಿಳಿಯದವರು ಗಂಟೆಗಟ್ಟಲೆ ನೀಡಲ್ ತಿರುಗಿಸುತ್ತ ಕೂರುತ್ತಾರೆ.

ಟ್ಯಾಂಕಿನ ಸುತ್ತಲೂ ರಿಸೀವರ್‌ನ ಸುತ್ತಲೂ ಸ್ಪಂಜು ಸುತ್ತಬೇಕು, ಏಕೆಂದರೆ ವಿದ್ಯುತ್ ಮೋಟಾರಿನಲ್ಲಿ ಕಾಣದ ಕಂಪನ ಇಲ್ಲಿ ಪ್ರತಿ ಕ್ಷಣವೂ ಇರುತ್ತದೆ. ಅದು ಇಂಧನದಲ್ಲಿ ನೊರೆ ಎಬ್ಬಿಸುತ್ತದೆ ಮತ್ತು ತಿರುಪುಗಳನ್ನು ಸಡಿಲಿಸುತ್ತದೆ. ಎಂಜಿನ್ ಕೂರುವ ಮರದ ಗೋಡೆಗೂ ಟ್ಯಾಂಕಿನ ಕೋಣೆಗೂ ಎಪಾಕ್ಸಿ ಬಳಿಯದಿದ್ದರೆ ಎಣ್ಣೆ ಮರದೊಳಗೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ತೂಕದ ಸಮತೋಲನವನ್ನು ಟ್ಯಾಂಕು ಖಾಲಿಯಿರುವಾಗಲೇ ನೋಡಬೇಕು: ಟ್ಯಾಂಕು ಸಮತೋಲನ ಬಿಂದುವಿಗಿಂತ ಮುಂದಿರುವುದರಿಂದ ಇಂಧನ ಮುಗಿಯುತ್ತ ಬಂದಂತೆ ವಿಮಾನದ ಬಾಲ ಭಾರವಾಗುತ್ತ ಹೋಗುತ್ತದೆ. ತಯಾರಕರು ಗುರುತಿಸಿರುವ ವ್ಯಾಪ್ತಿಯಲ್ಲಿ ಮುಂದಿನ ಅಂಚಿಗೆ ಹತ್ತಿರವಿರುವುದು ಮೊದಲ ಹಾರಾಟಕ್ಕೆ ಕ್ಷೇಮ. ರೇಡಿಯೊದ ಫೇಲ್‌ಸೇಫ್‌ನಲ್ಲಿ, ಅಂದರೆ ಸಂಕೇತ ಕಡಿದಾಗ ತಾನಾಗಿ ಜಾರಿಯಾಗುವ ಹೊಂದಾಣಿಕೆಯಲ್ಲಿ, ಥ್ರಾಟಲ್ ಪೂರ್ತಿ ಇಳಿಯುವಂತೆ ಹೊಂದಿಸಿ, ಎಂಜಿನ್ನನ್ನು ನಿಲ್ಲಿಸಲು ಕಾರ್ಬ್ಯುರೇಟರ್ ಸಂಪೂರ್ಣ ಮುಚ್ಚುವ ಸ್ವಿಚ್ಚೊಂದನ್ನು ಇಟ್ಟುಕೊಳ್ಳಬೇಕು.

ಹೊಸ ಎಂಜಿನ್ನನ್ನು ಪಳಗಿಸುವ ವಿಧಾನ ಅದರ ಒಳರಚನೆಯನ್ನು ಅವಲಂಬಿಸಿರುತ್ತದೆ. ಪಿಸ್ಟನ್‌ಗೆ ರಿಂಗ್ ಇರುವ ಎಂಜಿನ್ನನ್ನು ಮೊದಲ ಕೆಲವು ಟ್ಯಾಂಕುಗಳವರೆಗೆ ಇಂಧನ ಹೆಚ್ಚಿರುವ ರಿಚ್ ಮಿಶ್ರಣದಲ್ಲಿ ತಂಪಾಗಿ ಓಡಿಸಬೇಕು. ರಿಂಗ್ ಇಲ್ಲದ, ಅಲ್ಯೂಮಿನಿಯಂ ಪಿಸ್ಟನ್ ಹಾಗೂ ಲೇಪನವಿರುವ ಹಿತ್ತಾಳೆಯ ತೋಳಿನ (ಪಿಸ್ಟನ್ ಓಡಾಡುವ ಸಿಲಿಂಡರ್ ಕೊಳವೆಯ) ಎಬಿಸಿ ಮಾದರಿಯದಕ್ಕೆ ಇದೇ ಉಪಚಾರ ಮಾಡಿದರೆ ಹಾನಿಯಾಗುತ್ತದೆ. ಇದರ ತೋಳು ಮೇಲ್ತುದಿಯಲ್ಲಿ ಕಿರಿದಾಗಿದ್ದು, ಬಿಸಿಯಾದಾಗ ಮಾತ್ರ ಹಿಗ್ಗಿ ಪಿಸ್ಟನ್‌ಗೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಇದನ್ನು ಬೇಗನೆ ಕೆಲಸದ ತಾಪಕ್ಕೆ ತಂದು, ತುಸುವೇ ರಿಚ್ ಆಗಿಟ್ಟು, ಕೆಲವು ನಿಮಿಷ ಓಡಿಸಿ ಆರಿಸುವುದನ್ನು ಪುನರಾವರ್ತಿಸಬೇಕು. ಎಂಜಿನ್ನಿನ ಕೈಪಿಡಿ ಹೇಳುವುದೇ ಇಲ್ಲಿ ಅಂತಿಮ.

ಸ್ಟಾರ್ಟ್ ಮಾಡುವಾಗ ಗ್ಲೋ ಪ್ಲಗ್ಗಿಗೆ 1.5 ವೋಲ್ಟಿನ ಇಗ್ನೈಟರ್ ಹಚ್ಚಿದರೆ ಅದರ ಪ್ಲಾಟಿನಂ ಸುರುಳಿ ಕೆಂಪಗಾಗುತ್ತದೆ. ಎಂಜಿನ್ ಹತ್ತಿದ ಮೇಲೆ ದಹನದ ಶಾಖವೂ ಮೆಥನಾಲ್ ಹಾಗೂ ಪ್ಲಾಟಿನಂ ನಡುವಿನ ಕ್ರಿಯೆಯೂ ಸೇರಿ ಸುರುಳಿಯನ್ನು ಬಿಸಿಯಾಗಿಯೇ ಇಡುವುದರಿಂದ ಇಗ್ನೈಟರ್ ತೆಗೆಯಬಹುದು. ತೆಗೆದ ಕೂಡಲೇ ವೇಗ ಕುಸಿದರೆ ಮಿಶ್ರಣ ರಿಚ್ ಆಗಿದೆ, ಇಲ್ಲವೇ ಪ್ಲಗ್ ಸವೆದಿದೆ. ಸ್ಟಾರ್ಟರ್ ಹಚ್ಚುವ ಮುನ್ನ ಪ್ರೊಪೆಲ್ಲರ್ ಅನ್ನು ಇಗ್ನೈಟರ್ ಇಲ್ಲದೆ ಕೈಯಿಂದ ಒಮ್ಮೆ ತಿರುಗಿಸಿ ನೋಡಬೇಕು. ಗಟ್ಟಿಯಾಗಿ ತಡೆದರೆ ಸಿಲಿಂಡರಿನೊಳಗೆ ಇಂಧನ ತುಂಬಿಕೊಂಡಿರಬಹುದು. ದ್ರವ ಕುಗ್ಗುವುದಿಲ್ಲವಾದ್ದರಿಂದ ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ ಇಂಧನವನ್ನು ಹೊರಹಾಕಬೇಕು.

ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮೀರಿ ತಿರುಗುವ ಪ್ರೊಪೆಲ್ಲರ್ ಬೆರಳನ್ನು ಕತ್ತರಿಸಬಲ್ಲದು ಎಂಬುದನ್ನು ಕ್ಷಣವೂ ಮರೆಯಬಾರದು. ಒಬ್ಬರು ಬಾಲವನ್ನು ಭದ್ರವಾಗಿ ಹಿಡಿದಿರಬೇಕು. ಎಂಜಿನ್ ಹತ್ತಿದ ಕೂಡಲೇ ವಿಮಾನದ ಹಿಂದಕ್ಕೆ ಬಂದು, ಇಗ್ನೈಟರ್ ತೆಗೆಯುವುದೂ ನೀಡಲ್ ತಿರುಗಿಸುವುದೂ ಹಿಂದಿನಿಂದಲೇ ಆಗಬೇಕು. ಕುತ್ತಿಗೆಯಿಂದ ಜೋಲಾಡುವ ಟ್ರಾನ್ಸ್‌ಮಿಟರ್ ಪಟ್ಟಿ, ಅಂಗಿಯ ಸಡಿಲವಾದ ತೋಳು ಯಾವುದೂ ಹತ್ತಿರ ಸುಳಿಯಬಾರದು. ಪ್ರೊಪೆಲ್ಲರ್ ಸುತ್ತುವ ಸಮತಲದ ನೇರದಲ್ಲಿ, ಅಂದರೆ ಅದರ ಎಡಬಲಕ್ಕೆ, ಯಾರೂ ನಿಲ್ಲಬಾರದು. ಅಂಚು ಚಿಪ್ಪೆದ್ದ ಪ್ರೊಪೆಲ್ಲರ್ ಅನ್ನು ಅಂಟಿಸಿ ಬಳಸದೆ ಎಸೆಯಬೇಕು.

ಎಂಜಿನ್ ಬಿಸಿಯಾದ ಮೇಲೆ ಥ್ರಾಟಲ್ ಪೂರ್ತಿ ತೆರೆದು ನೀಡಲ್ ಅನ್ನು ಒಂದೊಂದೇ ಕ್ಲಿಕ್ಕಿನಂತೆ ಮುಚ್ಚುತ್ತ ಬಂದರೆ, ಒರಟಾಗಿ ತೊದಲುತ್ತಿದ್ದ ಸದ್ದು ಕ್ರಮೇಣ ನಯವಾಗಿ ಏರಿ ಒಂದು ಶಿಖರ ಮುಟ್ಟುತ್ತದೆ. ಅಲ್ಲಿಯೇ ನಿಲ್ಲಿಸುವುದು ಬಹುತೇಕ ಹೊಸಬರ ಆಸೆ, ಆದರೆ ಗಾಳಿಯಲ್ಲಿ ಪ್ರೊಪೆಲ್ಲರ್‌ನ ಹೊರೆ ಇಳಿದು ಎಂಜಿನ್ ಇನ್ನೂ ವೇಗವಾಗಿ ಓಡುವುದರಿಂದ ಮಿಶ್ರಣ ಮತ್ತಷ್ಟು ಲೀನ್, ಅಂದರೆ ಇಂಧನ ಕಡಿಮೆಯಿರುವಂಥದ್ದು ಆಗುತ್ತದೆ, ಎಂಜಿನ್ ಕಾದು ನಿಲ್ಲುತ್ತದೆ. ಶಿಖರದಿಂದ ನೀಡಲ್ ಅನ್ನು ಹಿಂದಕ್ಕೆ ತೆರೆದು, ಮುನ್ನೂರು ನಾನೂರು ಸುತ್ತುಗಳಷ್ಟು ವೇಗ ಕುಸಿದದ್ದು ಕಿವಿಗೆ ತಿಳಿಯುವಂತಾದ ಮೇಲೆ ಬಿಡಬೇಕು. ನಂತರ ಸಹಾಯಕರು ವಿಮಾನವನ್ನು ಭದ್ರವಾಗಿ ಹಿಡಿದು ಮೂಗನ್ನು ಆಕಾಶಕ್ಕೆ ಎತ್ತಿ ಹತ್ತು ಸೆಕೆಂಡ್ ಹಾಗೆಯೇ ಇಟ್ಟಿರಬೇಕು. ಸದ್ದು ಸ್ವಲ್ಪ ಏರಿದರೆ ಸರಿ, ಕುಗ್ಗಿದರೆ ಇನ್ನೂ ಎರಡು ಕ್ಲಿಕ್ ತೆರೆಯಬೇಕು. ಐಡಲ್ (ಎಂಜಿನ್ ನಿಲ್ಲದಷ್ಟು ಕನಿಷ್ಠ ವೇಗ) ಮಿಶ್ರಣದ ತಿರುಪನ್ನು ಇದೆಲ್ಲ ಆದ ಮೇಲಷ್ಟೇ ಮುಟ್ಟಬೇಕು. ಐಡಲ್‌ನಿಂದ ಥಟ್ಟನೆ ಥ್ರಾಟಲ್ ತೆರೆದಾಗ ಎಂಜಿನ್ ಹೊಗೆಯುಗುಳಿ ತಡವರಿಸಿದರೆ ಅದು ರಿಚ್, ಸದ್ದಿಲ್ಲದೆ ನಿಂತುಬಿಟ್ಟರೆ ಲೀನ್.

ಮೊದಲ ಹಾರಾಟವನ್ನು ಅನುಭವಿಯೊಬ್ಬರ ಜೊತೆ, ಎರಡು ಟ್ರಾನ್ಸ್‌ಮಿಟರ್‌ಗಳನ್ನು ಜೋಡಿಸಿದ ಬಡ್ಡಿ ಬಾಕ್ಸ್ ವ್ಯವಸ್ಥೆಯಲ್ಲಿ ಮಾಡುವುದನ್ನು ನಾನು ಬಲವಾಗಿ ಹೇಳುತ್ತೇನೆ. ರೇಡಿಯೊ ಸಂಕೇತ ಎಷ್ಟು ದೂರ ಮುಟ್ಟುತ್ತದೆಂದು ನೋಡುವ ರೇಂಜ್ ಪರೀಕ್ಷೆಯನ್ನು ಎಂಜಿನ್ ಓಡುತ್ತಿರುವಾಗಲೂ ಮಾಡಿ, ಗಾಳಿಗೆ ಮುಖ ಮಾಡಿ ಥ್ರಾಟಲ್ ಅನ್ನು ನಿಧಾನವಾಗಿ ತೆರೆಯಬೇಕು. ವಿದ್ಯುತ್ ಮೋಟಾರಿನಂತೆ ಇದು ತಕ್ಷಣ ಸ್ಪಂದಿಸುವುದಿಲ್ಲ. ಎರಡು ತಪ್ಪು ಮಾಡಿದರೂ ಸರಿಪಡಿಸಿಕೊಳ್ಳಬಲ್ಲಷ್ಟು ಎತ್ತರಕ್ಕೆ ಏರಿ, ವಿಮಾನ ತಾನಾಗಿ ನೇರ ಹಾರುವಂತೆ ಟ್ರಿಮ್ ಹೊಂದಿಸಿಕೊಂಡ ಮೇಲೆ, ಮೈದಾನದ ಮೇಲೆಯೇ ಥ್ರಾಟಲ್ ಇಳಿಸಿ ವಿಮಾನ ಎಷ್ಟು ದೂರ ತೇಲುತ್ತದೆಂದು ನೋಡಿಕೊಳ್ಳಬೇಕು. ಎಂಜಿನ್ ನಿಂತರೆ ಮೂಗನ್ನು ತುಸು ಇಳಿಸಿ ವೇಗ ಕಾಯ್ದುಕೊಂಡು ಮೈದಾನದತ್ತ ತಿರುಗಬೇಕು, ಎತ್ತರ ಉಳಿಸಿಕೊಳ್ಳಲು ಮೂಗೆತ್ತಿದರೆ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದು ಬೀಳುತ್ತದೆ. ಎಂಜಿನ್ ಓಡುತ್ತಿದ್ದರೆ ಇಳಿಯುವಾಗಿನ ಲೆಕ್ಕ ಬೇರೆ: ಐಡಲ್‌ನಲ್ಲಿಯೂ ಪ್ರೊಪೆಲ್ಲರ್ ಎಳೆಯುತ್ತಲೇ ಇರುವುದರಿಂದ ವಿಮಾನ ನಿರೀಕ್ಷೆಗಿಂತ ದೂರ ತೇಲುತ್ತದೆ. ಮುನ್ನೂರು ಮಿಲಿಲೀಟರಿನ ಟ್ಯಾಂಕು ಹತ್ತು ಹದಿನೈದು ನಿಮಿಷ ಬಂದೀತಾದರೂ, ಟೈಮರ್ ಅನ್ನು ಎಂಟು ನಿಮಿಷಕ್ಕಿಟ್ಟು ಇಂಧನವಿರುವಾಗಲೇ ಇಳಿಸಬೇಕು.

ದಿನದ ಕೊನೆಯಲ್ಲಿ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ನನ್ನು ಮತ್ತೆ ಹಚ್ಚಿ ನಳಿಕೆಯಲ್ಲಿ ಉಳಿದದ್ದನ್ನು ಉರಿಸಿಬಿಡಬೇಕು, ಏಕೆಂದರೆ ಮಿಕ್ಕ ಮೆಥನಾಲ್ ತೇವವನ್ನು ಎಳೆದುಕೊಂಡು ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಆಮೇಲೆ ಕಾರ್ಬ್ಯುರೇಟರಿಗೂ ಪ್ಲಗ್ಗಿನ ರಂಧ್ರಕ್ಕೂ ಓಡಿಸಿದ ನಂತರ ತುಕ್ಕು ತಡೆಯಲು ಹಾಕುವ ಆಫ್ಟರ್‌ರನ್ ಎಣ್ಣೆಯ ಕೆಲವು ಹನಿ ಹಾಕಿ ಪ್ರೊಪೆಲ್ಲರ್ ಅನ್ನು ಕೈಯಿಂದ ಹಲವು ಸುತ್ತು ತಿರುಗಿಸಬೇಕು. ಒಡಲಿಗೆ ಅಂಟಿದ ಎಣ್ಣೆಯನ್ನು ಒರೆಸುವಾಗಲೇ ಮಫ್ಲರ್ ಹಾಗೂ ಎಂಜಿನ್ ಮೌಂಟಿನ ತಿರುಪುಗಳನ್ನು ಮುಟ್ಟಿ ನೋಡಿ ಬಿಗಿಗೊಳಿಸಬೇಕು. ರೆಕ್ಕೆಯನ್ನು ಹಿಡಿದಿಡುವುದು ರಬ್ಬರ್ ಬ್ಯಾಂಡುಗಳಾಗಿದ್ದರೆ, ಎಣ್ಣೆ ಕುಡಿದು ಮೆತ್ತಗಾದವನ್ನು ಮುಂದಿನ ಹಾರಾಟಕ್ಕೆ ಉಳಿಸಿಕೊಳ್ಳದೆ ಅಂದೇ ಎಸೆಯಬೇಕು.