ಆಗಸ್ಟಲ್ಲಿ ಮುಳುಗೋ ರೋಡು, ಡಿಸೆಂಬರಲ್ಲಿ ಸೈಕಲ್ ರೋಡು: ಕೊಡಗಲ್ಲಿ ಏರು ಹತ್ತದೆ ಸೈಕಲ್ ಟೂರ್ ಮಾಡೋದು ಹೇಗೆ

ಕೊಡಗಲ್ಲಿ ಸೈಕಲ್ ಟೂರ್ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಆ ಏರಲ್ಲಿ ತುಳಿಯೋಕಾಗುತ್ತಾ ಅಂತ. ಮಡಿಕೇರಿ ಕಡೆ ಹೊರಟ್ರೆ ಕಷ್ಟಾನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೊಡಗು ಅಂದ್ರೆ ಬರೀ ಬೆಟ್ಟ ಅಲ್ಲ, ಕಾವೇರಿ ನಿಧಾನಕ್ಕೆ ಹರಿಯೋ ಬಯಲೂ ನಮ್ಮದೇ, ಕೂಡಿಗೆ ಹೆಬ್ಬಾಲೆ ಕಡೆ ಬಂದು ನೋಡಿ, ಕಣ್ಣು ಹಾಯಿಸಿದಷ್ಟು ದೂರ ಗದ್ದೆ. ನಾನು ಆ ಕಡೆಯವನೇ, ವರ್ಷಗಳಿಂದ ಭಾನುವಾರ ಬೆಳಿಗ್ಗೆ ಅಲ್ಲೇ ತುಳೀತಿದ್ದೀನಿ, ಹಂಗಾಗಿ ಗೊತ್ತಿರೋದನ್ನ ಬರೀತಿದ್ದೀನಿ.

ಯುರೋಪಲ್ಲಿ ನದಿ ಪಕ್ಕ ಸೈಕಲ್ಲಿಗೇ ಅಂತ ದಾರಿ ಮಾಡಿಟ್ಟಿದ್ದಾರೆ. ಫ್ರಾನ್ಸ್‌ನಲ್ಲಿ ಲೋಆರ್ ನದಿ ಗುಂಟ ಸುಮಾರು 900 ಕಿ.ಮೀ. ಇದೆ. ಡ್ಯಾನ್ಯೂಬ್ ನದಿ ದಡದಲ್ಲಿ ಹಿಂದೆ ಕುದುರೆ ಕಟ್ಟಿ ದೋಣಿ ಎಳೀತಿದ್ರಲ್ಲ, ಆ ಕುದುರೆ ದಾರಿಗಳೇ ಈಗ ಸೈಕಲ್ ದಾರಿ ಆಗಿವೆ. ಇನ್ನೂ ಎಷ್ಟೋ ಕಡೆ ಹಳೇ ರೈಲು ಹಳಿ ತೆಗೆದ ಜಾಗ. ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲ, ಇನ್ನು ಹಳಿ ಎಲ್ಲಿಂದ ಬರಬೇಕು. ನಮಗಿರೋದು ನಾಲೆ ಏರಿ, ಗದ್ದೆ ಬದಿ ರೋಡು, ನದಿ ಪಕ್ಕದ ಊರು ರಸ್ತೆ ಇಷ್ಟೇ, ಆದ್ರೆ ಹುಡುಕೋ ರೀತೀಲಿ ಹುಡುಕಿದ್ರೆ ಇಷ್ಟೇ ಸಾಕು.

ಮೊದಲ ಕೆಲಸ: ಸಮ ರೋಡು ಹುಡುಕೋದು

ಮೊಬೈಲ್ ಮ್ಯಾಪ್ ನೋಡಿ ಹೊರಟ್ರೆ ಮೋಸ ಹೋಗ್ತೀರ, ಅದರಲ್ಲಿ ಹತ್ತು ಕಿ.ಮೀ. ಅಂತ ತೋರಿಸೋದು ಕಾಫಿ ತೋಟದೊಳಗೆ ಹತ್ತಿ ಇಳಿದು ಹತ್ತಿ ಇಳಿದು ಪ್ರಾಣ ತೆಗೆಯುತ್ತೆ. ಕೊಡಗಲ್ಲಿ ಕಾಫಿ ಇರೋದು ಇಳಿಜಾರಲ್ಲಿ, ಭತ್ತ ಇರೋದು ತಗ್ಗಲ್ಲಿ. ಅದಕ್ಕೆ ಸ್ಯಾಟಲೈಟ್ ಚಿತ್ರ ಹಾಕ್ಕೊಂಡು ನೋಡಿ, ರಸ್ತೆಯ ಒಂದು ಕಡೆಯಾದ್ರೂ ಗದ್ದೆ ಇದ್ರೆ ಆ ರಸ್ತೆ ಹೆಚ್ಚುಕಮ್ಮಿ ಸಮ ಇರುತ್ತೆ, ಎರಡೂ ಕಡೆ ದಟ್ಟ ಹಸಿರು ಮರಾನೇ ಇದ್ರೆ ತೋಟ ಅಂತ ಲೆಕ್ಕ, ಏರು ಗ್ಯಾರಂಟಿ.

ಇನ್ನೊಂದು ಲೆಕ್ಕ ನನಗೆ ಪೇಪರ್ ಓದ್ತಾ ಹೊಳೆದಿದ್ದು. ಪ್ರತಿ ಮಳೆಗಾಲ ಸುದ್ದಿ ಬರುತ್ತಲ್ಲ, ಭಾಗಮಂಡಲ ನಾಪೋಕ್ಲು ರಸ್ತೆ ಮೇಲೆ ನೀರು, ಬೊಳಿಬಾಣೆಯಲ್ಲಿ ನೀರು, ಕರಡಿಗೋಡಿಗೆ ನೀರು ಅಂತ, ಆ ಜಾಗಗಳ ಹೆಸರು ಬರೆದಿಟ್ಟುಕೊಳ್ಳಿ. ನೀರು ನುಗ್ಗುತ್ತೆ ಅಂದ್ರೆ ಆ ರೋಡು ನದಿ ಮಟ್ಟದಲ್ಲೇ ಇದೆ ಅಂತ ಅರ್ಥ, ಮಳೆ ನಿಂತು ಎರಡು ತಿಂಗಳಾದ ಮೇಲೆ ಅಲ್ಲಿ ಸೈಕಲ್ ತಾನಾಗೇ ಓಡುತ್ತೆ. ಆದ್ರೆ ಒಂದು ಮಾತು, 2019ರ ಆಗಸ್ಟ್ ಪ್ರವಾಹದಲ್ಲಿ ಕರಡಿಗೋಡು ನೆಲ್ಲಿಹುದಿಕೇರಿ ಕಡೆ ನದಿ ದಡದ ಎಷ್ಟೋ ಮನೆ ಹೋದವು, ಅಲ್ಲಿ ನಿಂತು ಸೆಲ್ಫಿ ತಗೊಂಡು ನೀರು ಎಲ್ಲಿವರೆಗೆ ಬಂದಿತ್ತು ಅಂತ ಮನೆಯವರನ್ನ ಕೇಳ್ತಾ ನಿಲ್ಲಬೇಡಿ. ಅವರಾಗೇ ಹೇಳಿದ್ರೆ ಕೂತು ಕೇಳಿ.

ಯಾವಾಗ ಹೋಗೋದು

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಜನಸಾಗರ, ಆಗ ಭಾಗಮಂಡಲ ಕಡೆ ಸೈಕಲ್ ತಗೊಂಡು ಹೋಗ್ಬೇಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಗದ್ದೆ ಬಂಗಾರದ ಬಣ್ಣಕ್ಕೆ ತಿರುಗಿರುತ್ತೆ, ನನ್ನ ಕೇಳಿದ್ರೆ ಅದೇ ಬೆಸ್ಟ್ ಟೈಮು. ಮಾರ್ಚ್‌ಗೆ ಬಿಸಿಲು ಜಾಸ್ತಿ, ಆದ್ರೂ ಹೂಮಳೆ, ಅಂದ್ರೆ ಕಾಫಿ ಹೂ ಬಿಡಿಸೋ ಮಳೆ, ಬಿದ್ದು ವಾರ ಕಳೆದು ಕಾಫಿ ಹೂ ಅರಳಿದ ದಿನ ಸಿಕ್ಕಿದ್ರೆ ಬಿಸಿಲು ಲೆಕ್ಕಕ್ಕೇ ಬರಲ್ಲ, ಆ ಘಮ ಕಾರಲ್ಲಿ ಹೋಗೋರಿಗೆ ಸಿಗಲ್ಲ.

ವಾರದ ದಿನ ಸಿಕ್ಕಿದ್ರೆ ಒಳ್ಳೇದು, ಶನಿವಾರ ಭಾನುವಾರ ಟೂರಿಸ್ಟ್ ಗಾಡಿ ತುಂಬಾ. ಕಾಫಿ ಕುಯ್ಲು ಟೈಮಲ್ಲಿ ಬೆಳಿಗ್ಗೆ ಕೆಲಸದವರನ್ನ ಕರ್ಕೊಂಡು ಹೋಗೋ ಜೀಪು ಪಿಕಪ್‌ಗಳು ಜೋರಾಗಿ ಬರ್ತಾವೆ, ಆ ಒಂದು ಗಂಟೆ ಟೀ ಕುಡೀತಾ ಕೂತು ಆಮೇಲೆ ಹೊರಡಿ.

ಸೈಕಲ್ ಯಾವ್ದು, ಏನೇನು ಬೇಕು

ದುಬಾರಿ ಸೈಕಲ್ ಬೇಡ. ಟೈರ್ ಮಾತ್ರ ತೀರಾ ತೆಳ್ಳಗಿರಬಾರದು, 35ರಿಂದ 42 ಎಂಎಂ ಇದ್ರೆ ಟಾರಿಗೂ ಆಗುತ್ತೆ ನಾಲೆ ಏರಿ ಮಣ್ಣಿಗೂ ಆಗುತ್ತೆ. ಮಣ್ಣಿನ ದಾರಿಗೆ ಬಂದಾಗ ಗಾಳಿ ಸ್ವಲ್ಪ ಇಳಿಸಿ, ಕೈ ಸೆಳೆತ ಕಮ್ಮಿ ಆಗುತ್ತೆ. ಸೀಟಿನ ಎತ್ತರ ನೋಡೋದು ಸುಲಭ, ಹಿಮ್ಮಡಿ ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಳ್ಳಿದಾಗ ಕಾಲು ನೆಟ್ಟಗಾಗಬೇಕು, ಆಮೇಲೆ ಪಾದದ ಮುಂಭಾಗದಲ್ಲಿ ತುಳಿದ್ರೆ ಮಂಡಿ ಸ್ವಲ್ಪ ಬಾಗಿರುತ್ತೆ, ಅದೇ ಸರಿ. ನಮ್ಮಲ್ಲಿ ಹೆಚ್ಚು ಜನ ಸೀಟು ತಗ್ಗಿಸಿಟ್ಟುಕೊಂಡೇ ಮಂಡಿ ನೋವು ಮಾಡ್ಕೊಳ್ಳೋದು.

ಬ್ಯಾಗ್ ಬೆನ್ನಿಗೆ ಬೇಡ, ಹಿಂದಿನ ಕ್ಯಾರಿಯರ್‌ಗೆ ಕಟ್ಟಿ. ಒಂದು ಸ್ಪೇರ್ ಟ್ಯೂಬು, ಪ್ಯಾಚು, ಪಂಪು, ಅಲನ್ ಕೀ ಸೆಟ್ಟು, ಎರಡು ಬಾಟಲಿ ನೀರು. ಹೋದ ಜನವರೀಲಿ ನಾಲೆ ಏರಿ ಮೇಲೆ ಹಿಂದಿನ ಟೈರು ಪಂಕ್ಚರ್ ಆಯ್ತು, ಟ್ಯೂಬ್ ಬದಲಿಸಿ ಹೊರಟೆ, ಎರಡು ನಿಮಿಷಕ್ಕೆ ಮತ್ತೆ ಪುಸ್ ಅಂತು. ಟೈರಿನ ಒಳಗೆ ಬೆರಳಾಡಿಸಿ ನೋಡಿರಲಿಲ್ಲ, ಅಕ್ಕಿಕಾಳಿನಷ್ಟು ಮುಳ್ಳು ಅಲ್ಲೇ ಚುಚ್ಚಿಕೊಂಡು ಕೂತಿತ್ತು. ಎಮ್ಮೆ ಹೊಡ್ಕೊಂಡು ಬಂದ ಅಜ್ಜ ಒಬ್ರು ಅದನ್ನ ಉಗುರಲ್ಲಿ ಕಿತ್ತು ನನ್ನ ಅಂಗೈ ಮೇಲಿಟ್ಟು "ಇದ್ನ ಮೊದ್ಲು ತೆಗೀಬೇಕಲ್ವೇನಪ್ಪ" ಅಂದ್ರು. ಟ್ಯೂಬ್ ಹಾಕೋ ಮುಂಚೆ ಟೈರಿನ ಒಳಗೆ ಸುತ್ತಲೂ ನಿಧಾನಕ್ಕೆ ಬೆರಳು ಓಡಿಸಿ, ಮರೀಬೇಡಿ.

ಮೊದಲ ಸವಾರಿ: ಕುಶಾಲನಗರ, ಕೂಡಿಗೆ, ಕಣಿವೆ

ಮೈಸೂರಿಂದ ಕುಶಾಲನಗರಕ್ಕೆ ಬಸ್ಸಲ್ಲಿ ಬನ್ನಿ, ಸುಮಾರು 85 ಕಿ.ಮೀ. ಸೈಕಲ್ ಹಾಕೋಕೆ ಮೊದಲೇ ಕಂಡಕ್ಟರ್ ಹತ್ರ ಮಾತಾಡಿ, ಲಗೇಜ್ ಟಿಕೆಟ್ ತಗೊಳ್ಳಿ, ಮುಂದಿನ ಚಕ್ರ ಬಿಚ್ಚಿಟ್ರೆ ಅವರಿಗೂ ತಕರಾರಿರಲ್ಲ.

ಕುಶಾಲನಗರದಿಂದ ಕೂಡುಮಂಗಳೂರು ದಾಟಿ ಕೂಡಿಗೆ. ಹಾರಂಗಿ ಬಂದು ಕಾವೇರಿಗೆ ಸೇರೋ ಊರು ಇದು. ಮೇನ್ ರೋಡಲ್ಲಿ ಹಾಸನದ ಕಡೆ ಹೋಗೋ ಲಾರಿ ಬಸ್ಸು ಇರುತ್ತೆ, ಅದಕ್ಕೇ ಆದಷ್ಟು ಬೇಗ ಒಳರಸ್ತೆಗೆ ಇಳೀರಿ. ಯಾರನ್ನ ಕೇಳಿದ್ರೂ ಹೇಳ್ತಾರೆ, "ಅಣ್ಣ, ನಾಲೆ ಮೇಲೆ ಹೆಬ್ಬಾಲೆಗೆ ಹೋಗ್ಬೋದಾ" ಅಂತ ಕೇಳಿ ಸಾಕು. ಹಾರಂಗಿ ನಾಲೆ ಏರಿ ನೀರಾವರಿ ಇಲಾಖೆ ಜಾಗ, ಬೋರ್ಡ್ ಹಾಕಿ ಬೇಡ ಅಂದಿದ್ರೆ ಹೋಗ್ಬೇಡಿ, ಗೇಟು ಹಾಕಿದ್ರೆ ಹಾರಬೇಡಿ. ನೀರು ಬಿಟ್ಟಿರೋವಾಗ ಏರಿಯ ಅಂಚಿಗೆ ಹೋಗಲೇಬೇಡಿ, ಸಿಮೆಂಟ್ ಇಳಿಜಾರು ಪಾಚಿ ಕಟ್ಟಿರುತ್ತೆ, ಈಜು ಬರೋರೂ ಮೇಲೆ ಹತ್ತೋಕಾಗಲ್ಲ.

ಹೆಬ್ಬಾಲೆ ಹತ್ರಾನೇ ಕಣಿವೆ. ರಾಮಲಿಂಗೇಶ್ವರ ದೇವಸ್ಥಾನದ ಪಕ್ಕ ಕಾವೇರಿಗೆ ತೂಗುಸೇತುವೆ ಇದೆ, ಆಚೆ ದಡ ಮೈಸೂರು ಜಿಲ್ಲೆ. ಇಲ್ಲಿ ಸೈಕಲ್ ಇಳಿದು ತಳ್ಳಿಕೊಂಡೇ ದಾಟಬೇಕು. ಎದುರಿಂದ ಜನ ಬಂದ್ರೆ ಹ್ಯಾಂಡಲ್ ಓರೆ ಮಾಡಿ ನಿಲ್ಲಬೇಕು, ಅವರು ನಡೆದಷ್ಟೂ ಕಾಲಡಿ ಸೇತುವೆ ತೂಗುತ್ತೆ, ಕೆಳಗೆ ಬಂಡೆ ಸಂದಲ್ಲಿ ನೀರು, ಬೆಳಿಗ್ಗೆ ಏಳೂವರೆಗೆ ಹೋದ್ರೆ ಮಂಜು ಇನ್ನೂ ನೀರಿನ ಮೇಲೇ ಇರುತ್ತೆ, ಆಚೆ ದಡ ಕಾಣದೇ ಬರೀ ಕೇಬಲ್ ಮಾತ್ರ ಮಂಜಿನೊಳಗೆ ಹೋಗಿರೋ ಹಾಗೆ ಕಾಣುತ್ತೆ. ನಾನು ಎಷ್ಟು ಸಲ ದಾಟಿದ್ರೂ ಮಧ್ಯಕ್ಕೆ ಬಂದಾಗ ನಿಂತೇ ನಿಲ್ತೀನಿ.

ಆಚೆ ದಾಟಿದ ಮೇಲೆ ದಾರಿ ಕೇಳ್ಕೊಂಡು ಆವರ್ತಿ ಕಡೆಯಿಂದ ಕೊಪ್ಪಕ್ಕೆ ಬಂದು ಕಾವೇರಿ ಸೇತುವೆ ದಾಟಿದ್ರೆ ಮತ್ತೆ ಕುಶಾಲನಗರ. ಒಟ್ಟು ಸುಮಾರು 30 ಕಿ.ಮೀ., ಗಂಟೆಗೆ 12 ಕಿ.ಮೀ. ತುಳಿದ್ರೂ ನಿಂತು ಕೂತು ಮಧ್ಯಾಹ್ನದ ಊಟಕ್ಕೆ ವಾಪಸ್. ಕಾಲು ಇನ್ನೂ ಗಟ್ಟಿ ಇದ್ರೆ ಬೈಲುಕುಪ್ಪೆ ಕ್ಯಾಂಪ್‌ಗಳ ಒಳರಸ್ತೆ ಸುತ್ತಿ, ಜೋಳದ ಹೊಲಗಳ ಮಧ್ಯೆ ಒಳ್ಳೇ ರೋಡು. ಟಿಬೆಟಿನವರು 1961ರಿಂದ ಅಲ್ಲಿ ಬೇಸಾಯ ಮಾಡ್ಕೊಂಡಿದ್ದಾರೆ.

ಆನೆ ವಿಚಾರ

ಇದನ್ನ ಹಗುರವಾಗಿ ತಗೋಬೇಡಿ. ದುಬಾರೆ, ವಾಲ್ನೂರು, ಸಿದ್ದಾಪುರ ಕಡೆ ನದಿ ಪಕ್ಕದ ರೋಡು ನೋಡೋಕೆ ಚೆಂದ, ಆದ್ರೆ ತೋಟದೊಳಗೇ ಆನೆಗಳು ಬೀಡುಬಿಟ್ಟಿರ್ತಾವೆ, ತೋಟದ ಕೆಲಸಕ್ಕೆ ಹೋದವರೇ ಎಷ್ಟೋ ಜನ ಪ್ರಾಣ ಕಳ್ಕೊಂಡಿದ್ದಾರೆ. ಸೈಕಲ್ಲಿಗೆ ಸದ್ದಿಲ್ಲ, ತಿರುವಲ್ಲಿ ನೀವು ಬರೋದು ಆನೆಗೂ ಗೊತ್ತಾಗಲ್ಲ, ಆನೆ ಇರೋದು ನಿಮಗೂ ಗೊತ್ತಾಗಲ್ಲ. ಆ ಕಡೆ ಹೋಗೋದಾದ್ರೆ ಬೆಳಿಗ್ಗೆ ಒಂಬತ್ತರ ಮೇಲೆ, ಸಂಜೆ ನಾಲ್ಕರ ಒಳಗೆ, ಅದೂ ಒಬ್ಬರೇ ಅಲ್ಲ. ಮೊದಲ ಟೀ ಅಂಗಡೀಲಿ "ಇವತ್ತು ಆನೆ ಎಲ್ಲಿದೆ" ಅಂತ ಕೇಳಿ, ಊರಿನವರ ವಾಟ್ಸಾಪ್ ಗ್ರೂಪಲ್ಲಿ ಬೆಳಿಗ್ಗೇನೇ ಸುದ್ದಿ ಬಂದಿರುತ್ತೆ. ರೋಡ್ ಮೇಲೆ ಲದ್ದಿ ಇನ್ನೂ ಹಸಿಯಾಗಿದ್ರೆ, ಆನೆ ತಿನ್ನೋ ಬೈನೆ ಮರ ಹೊಸದಾಗಿ ಸೀಳಿ ಬಿದ್ದಿದ್ರೆ, ಮುಂದೆ ಹೋಗ್ಬೇಡಿ, ವಾಪಸ್ ತಿರುಗಿಸಿ. ಬಾಳೆಲೆ ನಿಟ್ಟೂರು ಕಡೆ ಲಕ್ಷ್ಮಣತೀರ್ಥ ಬಯಲೂ ಸಮತಟ್ಟೇ, ಆದ್ರೆ ನಾಗರಹೊಳೆ ಕಾಡು ಪಕ್ಕದಲ್ಲೇ ಇದೆ, ಆನೆ ಜೊತೆ ಹುಲೀನೂ ಇದೆ, ಹೊಸಬರಿಗೆ ನಾನು ಹೇಳಲ್ಲ. ಅರಣ್ಯ ಇಲಾಖೆ ಸಹಾಯವಾಣಿ 1926, ತುರ್ತಿಗೆ 112, ಎರಡೂ ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ.

ನದಿಗೆ ಇಳಿಯೋದೂ ಬೇಡ. ಮೇಲೆ ಶಾಂತ ಕಾಣೋ ಕಾವೇರೀಲಿ ಒಳಗೆ ಗುಂಡಿ ಸುಳಿ ಇರ್ತಾವೆ, ಹಾರಂಗಿ ಡ್ಯಾಮ್ ಗೇಟ್ ತೆಗೆದ್ರೆ ಕೂಡಿಗೆಯಿಂದ ಕೆಳಗೆ ನೀರು ಏರುತ್ತೆ.

ಎರಡನೇ ಸವಾರಿ, ಸ್ವಲ್ಪ ಪಳಗಿದ ಮೇಲೆ

ಮಡಿಕೇರಿಯಿಂದ ಭಾಗಮಂಡಲಕ್ಕೆ ಸೈಕಲ್ ಬಸ್ಸಲ್ಲಿ ಹಾಕಿ. ತ್ರಿವೇಣಿ ಸಂಗಮದಲ್ಲಿ ಕೈಕಾಲು ತೊಳೆದು ಅಯ್ಯಂಗೇರಿ ಕಡೆಯಿಂದ ನಾಪೋಕ್ಲಿಗೆ ಬನ್ನಿ, 20 ಕಿ.ಮೀ. ಆಸುಪಾಸು, ಹೊಳೆ ಹರಿಯೋ ದಿಕ್ಕಲ್ಲೇ ಹೋಗೋದ್ರಿಂದ ಕಾಲಿಗೆ ಸುಖ. ಸಣ್ಣಪುಟ್ಟ ಏರು ಬರ್ತಾವೆ, ಇಳಿದು ತಳ್ಳಿ, ಯಾರೂ ಏನೂ ಅಂದುಕೊಳ್ಳಲ್ಲ. ನಾಪೋಕ್ಲಲ್ಲಿ ಅಕ್ಕಿರೊಟ್ಟಿ ತಿಂದು ಸುಧಾರಿಸ್ಕೊಂಡು ಬಸ್ ಹಿಡಿದು ಮಡಿಕೇರಿಗೆ ಬನ್ನಿ, ಆ ದಾರಿ ತುಳಿಯೋಕೆ ಹೋಗ್ಬೇಡಿ, ಅದು ಏರು.

ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾಗಿದ್ರೂ ಚೈನು ಒಂದು ಒಣ ಬಟ್ಟೇಲಿ ಒರೆಸಿ ಎರಡು ಹನಿ ಎಣ್ಣೆ ಬಿಟ್ಟು ಮಲಗಿ, ನಾಲೆ ಏರಿ ಧೂಳು ರಾತ್ರಿ ಹಾಗೇ ಬಿಟ್ರೆ ಬೆಳಿಗ್ಗೆ ಗೇರು ಕರಕರ ಅನ್ನುತ್ತೆ.